ಮೊದಲು ಗಿರಾಕಿ, ಆಮೇಲೆ ಕೋರ್ಸು: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಸರ್ಕಾರಿ ತರಬೇತಿ ಹಿಡಿದು ಸ್ವಂತ ಕಸುಬು ಕಟ್ಟುವ ಬಗೆ

ತರಬೇತಿಯ ಸರ್ಟಿಫಿಕೇಟು ಬೀರುವಿನಲ್ಲಿದೆ, ಹೊಲಿಗೆ ಯಂತ್ರ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿದೆ. ಇಂಥ ಮನೆಗಳು ನಮ್ಮ ಜಿಲ್ಲೆಯ ಯಾವ ಊರಿಗೆ ಹೋದರೂ ಸಿಗುತ್ತವೆ. ಕಲಿಸಿದವರು ಚೆನ್ನಾಗಿಯೇ ಕಲಿಸಿರುತ್ತಾರೆ, ಕಲಿತವರೂ ಮನಸ್ಸಿಟ್ಟೇ ಕಲಿತಿರುತ್ತಾರೆ. ಆದರೆ ಹೊಲಿದದ್ದನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ತರಬೇತಿ ಮುಗಿದ ಮೇಲೆ ಹುಟ್ಟಿರುತ್ತದೆ. ಅದು ಮೊದಲ ದಿನಕ್ಕೂ ಮುಂಚೆ ಹುಟ್ಟಬೇಕಾದ ಪ್ರಶ್ನೆ.

ಸರ್ಕಾರದ ದುಡ್ಡಿನಲ್ಲಿ ನಡೆಯುವ ಕಲಿಕೆ ನಮ್ಮ ಸುತ್ತ ಕಡಿಮೆಯೇನಿಲ್ಲ. ಜಿಲ್ಲೆಗೊಂದು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಇದೆ, ಹಿರೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಐಟಿಐಗಳಿವೆ, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಿವೆ. ಇದಲ್ಲದೆ ಊರೂರಿನ ಸರ್ಕಾರಿ ಶಾಲೆ ಇದೆ. ಅದು ಕಲಿಸುವ ಜಾಗ ಮಾತ್ರವಲ್ಲ, ವರ್ಷವಿಡೀ ಸಾಮಾನು ಕೊಳ್ಳುವ ಜಾಗವೂ ಹೌದು. ಮನೆಯಲ್ಲಿದ್ದುಕೊಂಡೇ ಏನಾದರೂ ಶುರು ಮಾಡಬೇಕು ಎನ್ನುವವರು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವರು, ಪಿಯುಸಿಗೆ ಓದು ನಿಲ್ಲಿಸಿದವರು ಇವನ್ನೆಲ್ಲ ಯಾವ ಕ್ರಮದಲ್ಲಿ ಬಳಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಹೇಳಿದ್ದೇನೆ.

ಹಂತ 1: ಊರು ಏನು ಕೊಳ್ಳುತ್ತದೆ, ನೋಡಿ

ಒಂದು ನೋಟ್‌ಬುಕ್ ಹಿಡಿದು ಸಂತೆಯ ದಿನ ಪೇಟೆಗೆ ಹೋಗಿ. ಹೊರಗಿನಿಂದ ಬಂದು ನಿಮ್ಮೂರಲ್ಲಿ ಮಾರಾಟವಾಗುವ ಹತ್ತು ಸಾಮಾನು ಬರೆದುಕೊಳ್ಳಿ. ಚಟ್ನಿಪುಡಿ, ಹಪ್ಪಳ, ಪೊರಕೆ, ಕಾಲೊರಸು, ಹೂವಿನ ಸಸಿ, ಶಾಲೆ ಬ್ಯಾಗು, ಹೀಗೆ ಏನಾದರೂ ಆಗಬಹುದು. ಎದುರಿಗೆ ಅಂಗಡಿಯವರು ಕೊಡುವ ಬೆಲೆ ಬರೆಯಿರಿ. ಅವರು ರೊಕ್ಕ ಕೊಟ್ಟು ತರುತ್ತಾರೋ ಉದ್ರಿಗೋ, ವಾರಕ್ಕೆ ಎಷ್ಟು ಖರ್ಚಾಗುತ್ತದೆ ಎಂದೂ ಕೇಳಿ. ಅಂಗಡಿಯವರು ಇದನ್ನು ಮುಚ್ಚಿಡುವುದಿಲ್ಲ, ಬಿಡುವಿನ ಹೊತ್ತು ನೋಡಿ ಕೇಳಬೇಕಷ್ಟೆ.

ಮೂರೂ ಊರುಗಳ ಕೊಳ್ಳುವ ಗುಣ ಬೇರೆ ಬೇರೆ. ತುಮಕೂರು ವಿದ್ಯಾರ್ಥಿಗಳ ಊರು. ಹಾಸ್ಟೆಲು, ಪಿಜಿ, ಮೆಸ್ಸು ಹೆಚ್ಚು, ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೆದ್ದಾರಿಯ ಗಿರಾಕಿಯೂ ನಿಲ್ಲುತ್ತಾನೆ. ವಸಂತನರಸಾಪುರ, ಹಿರೇಹಳ್ಳಿಗಳ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿಯ ಕೆಲಸಗಾರರಿಗೆ ಊಟ ತಿಂಡಿ ಬೇಕು, ಸಮವಸ್ತ್ರ ಬೇಕು, ರಿಪೇರಿಯ ಕೈ ಬೇಕು. ಗುಬ್ಬಿ ತೆಂಗು ಅಡಿಕೆಯ ತಾಲ್ಲೂಕು. ಪಕ್ಕದಲ್ಲೇ ಉಂಡೆ ಕೊಬ್ಬರಿಗೆ ಹೆಸರಾದ ತಿಪಟೂರು ಮಾರುಕಟ್ಟೆ ಇದೆ. ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಮೇಲೆ ಆ ಕಡೆಯ ಓಡಾಟವೂ ಬದಲಾಗಿದೆ. ಕುಣಿಗಲ್ಲಿಗೆ ಬೆಂಗಳೂರು ಹತ್ತಿರ. ಮಂಗಳೂರು ಹೆದ್ದಾರಿ ಊರಿಗೆ ತಾಗಿದೆ, 2017ರಲ್ಲಿ ಬೆಂಗಳೂರು–ಹಾಸನ ರೈಲೂ ಬಂತು, ಅಂಚೆಪಾಳ್ಯದ ಕೈಗಾರಿಕಾ ಪ್ರದೇಶವೂ ಇದೆ. ಕುಣಿಗಲ್ಲಿನಲ್ಲಿ ತಯಾರಿಸಿದ ತಿಂಡಿಯೋ ತರಕಾರಿಯೋ ಬೆಳಗಿನ ಹೊತ್ತಿಗೆ ರಾಜಧಾನಿ ಸೇರಬಹುದು. ಇದೇ ಅನುಕೂಲದಿಂದ ಬೆಂಗಳೂರಿನ ಸಾಮಾನೂ ಅಷ್ಟೇ ಬೇಗ ಕುಣಿಗಲ್ಲಿಗೆ ಬಂದು ನಿಮ್ಮ ಜೊತೆ ಪೈಪೋಟಿಗೆ ನಿಲ್ಲುತ್ತದೆ ಎಂಬುದೂ ಗೊತ್ತಿರಲಿ.

ಹಂತ 2: ಸರ್ಕಾರಿ ಶಾಲೆಯ ಖರೀದಿ ತಿಳಿದುಕೊಳ್ಳಿ

ಹೆಚ್ಚಿನವರ ಕಣ್ಣಿಗೆ ಬೀಳದ ಗಿರಾಕಿ ಇದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಿಂದ ಶುರುವಾಗಿ ಮರುವರ್ಷ ಉಳಿದ ಕಡೆಗೂ ಬಂತು. ಅಕ್ಕಿ, ಬೇಳೆ, ಎಣ್ಣೆ ಇಲಾಖೆಯ ಕಡೆಯಿಂದ ಬರುತ್ತದೆ. ತರಕಾರಿ, ಸಾಂಬಾರು ಸಾಮಾನು, ಮೊಟ್ಟೆ, ಬಾಳೆಹಣ್ಣು ಹೆಚ್ಚಿನ ಶಾಲೆಗಳಲ್ಲಿ ಊರಿನಲ್ಲೇ ಕೊಳ್ಳುವಂಥವು. ಅಡುಗೆ ಮಾಡುವವರು ಊರಿನ ಹೆಣ್ಣುಮಕ್ಕಳೇ. ಮಕ್ಕಳ ಓದಿಗಾಗಿ ಬಂದ ಯೋಜನೆಯೊಂದು ಹಳ್ಳಿ ಹಳ್ಳಿಯಲ್ಲಿ ಹೀಗೆ ಕೆಲಸ ಹುಟ್ಟಿಸಿತು, ಸಣ್ಣ ವ್ಯಾಪಾರವನ್ನೂ ಹುಟ್ಟಿಸಿತು.

ಇದು ದೊಡ್ಡದಾಗಿದ್ದು 2024ರಲ್ಲಿ. ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಆರು ದಿನಕ್ಕೆ ಏರಿಸಲಾಯಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಂದ ಅದು. ನೂರು ಮಕ್ಕಳ ಶಾಲೆ ಎಂದರೆ ವಾರಕ್ಕೆ ಹತ್ತಿರ ಹತ್ತಿರ ಆರು ನೂರು ಮೊಟ್ಟೆ ಅಥವಾ ಬಾಳೆಹಣ್ಣು. ನಿಮ್ಮ ಸುತ್ತಮುತ್ತ ಎಷ್ಟು ಶಾಲೆ ಇವೆ ಎಂದು ಲೆಕ್ಕ ಹಾಕಿ ನೋಡಿ.

ಆದರೆ ಲೆಕ್ಕವನ್ನು ಕಡೆಯ ಪೈಸೆವರೆಗೂ ಹಾಕಬೇಕು. ಯೋಜನೆ ವಿಸ್ತಾರವಾದಾಗ ಒಂದು ಮೊಟ್ಟೆಗೆ ನಿಗದಿಯಾಗಿದ್ದದ್ದು 6 ರೂಪಾಯಿ. ಕೊಳ್ಳುವ ಬೆಲೆಯ ಜೊತೆಗೆ ಬೇಯಿಸುವ ಗ್ಯಾಸು, ಸಿಪ್ಪೆ ಬಿಡಿಸುವ ಕೂಲಿ ಎಲ್ಲ ಅದರೊಳಗೇ. ಪೇಟೆಯಲ್ಲಿ ಮೊಟ್ಟೆ ದರ ಏರಿದಾಗ ಮುಖ್ಯ ಶಿಕ್ಷಕರು ಕೈಯಿಂದ ಹಾಕಬೇಕಾಗುತ್ತದೆ. ಈ ದರಕ್ಕೆ ನಾಟಿ ಕೋಳಿ ಸಾಕಿ ಮೊಟ್ಟೆ ಕೊಡುತ್ತೇನೆ ಎಂದು ಹೊರಡಬೇಡಿ, ಮೇವಿನ ಖರ್ಚೂ ಹುಟ್ಟುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ ಬಾಳೆಹಣ್ಣು ಒಳ್ಳೆಯದು. ಮೊಟ್ಟೆ ತಿನ್ನದ ಮಕ್ಕಳು ಎಲ್ಲ ಶಾಲೆಯಲ್ಲೂ ಇದ್ದಾರೆ, ಬಾಳೆ ನಮ್ಮ ತೋಟಗಳಲ್ಲೇ ಇದೆ. ಸರಿಯಾದ ದಿನಕ್ಕೆ ಸರಿಯಾಗಿ ಮಾಗಿದ ಹಣ್ಣನ್ನು ನಾಲ್ಕೈದು ಶಾಲೆಗೆ ಗಾಡಿಯಲ್ಲಿ ಮುಟ್ಟಿಸುವವರು ಇಲ್ಲ ಎಂಬುದೇ ಅಲ್ಲಿನ ಕೊರತೆ.

ಇನ್ನೂ ಒಂದು ಎಚ್ಚರಿಕೆ. ಮೊಟ್ಟೆ ಬೇಡ ಎನ್ನುವ ಮಕ್ಕಳಿಗೆ ಕಡಲೆಕಾಯಿ ಚಿಕ್ಕಿಯನ್ನೂ ಕೊಡಲಾಗುತ್ತಿತ್ತು. ಗುಣಮಟ್ಟದ ಕಾರಣಕ್ಕೆ 2025ರ ಆರಂಭದಲ್ಲಿ ಇಲಾಖೆ ಚಿಕ್ಕಿಯನ್ನು ಕೈಬಿಟ್ಟಿತು. ಶಾಲೆಯೊಂದನ್ನೇ ನಂಬಿ ಚಿಕ್ಕಿ ಮಾಡುವವರಿಗೆ ಒಂದು ಸುತ್ತೋಲೆಯಿಂದ ವ್ಯಾಪಾರ ನಿಂತುಹೋಗುತ್ತದೆ. ಹಾಗಾಗಿ ಶಾಲೆಗೆ ಮಾರುವ ಸಾಮಾನನ್ನು ಬೇಕರಿಗೋ ಸಂತೆಗೋ ಕೂಡ ಮಾರುವಂತಿರಬೇಕು. ದುಡಿಮೆಯ ಅರ್ಧಕ್ಕಿಂತ ಹೆಚ್ಚು ಒಬ್ಬನೇ ಗಿರಾಕಿಯಿಂದ ಬರಬಾರದು.

ಜೂನ್ ತಿಂಗಳಲ್ಲಿ ಮತ್ತೊಂದು ಅವಕಾಶ ಇದೆ. ಶೂ ಮತ್ತು ಸಾಕ್ಸನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮಟ್ಟದಲ್ಲೇ ಕೊಳ್ಳುವ ಪದ್ಧತಿ ಹಲವು ವರ್ಷದಿಂದ ಇದೆ. ಸಮವಸ್ತ್ರಕ್ಕೆ ಬಟ್ಟೆ ಸರ್ಕಾರದಿಂದ ಬರುತ್ತದೆ, ಹೊಲಿಸುವುದು ಮನೆಯವರ ಪಾಲಿಗೆ ಬರುತ್ತದೆ. ಶಾಲೆ ಶುರುವಾಗುವ ಎರಡು ವಾರದಲ್ಲಿ ಒಬ್ಬ ದರ್ಜಿ ಹೊಲಿಯಲಾರದಷ್ಟು ಕೆಲಸ ಅದು. ನಾಲ್ಕು ಜನ ಹೆಣ್ಣುಮಕ್ಕಳು ಸೇರಿ ಮೇ ತಿಂಗಳಲ್ಲೇ ಎಸ್‌ಡಿಎಂಸಿ ಸಭೆಗೆ ಹೋಗಿ, ಒಂದು ಜೊತೆ ಮಾದರಿ ಹೊಲಿದು ತೋರಿಸಿ, ಇಂತಿಷ್ಟು ದರ, ಇಂತಿಂಥ ದಿನಕ್ಕೆ ಕೊಡುತ್ತೇವೆ ಎಂದು ಹೇಳಿ ಬಂದರೆ ಬೀರುವಿನ ಸರ್ಟಿಫಿಕೇಟಿಗೆ ಬೆಲೆ ಬರುತ್ತದೆ.

ಹಂತ 3: ಗಿರಾಕಿಗೆ ತಕ್ಕ ತರಬೇತಿ ಆರಿಸಿ

ಸ್ವಂತ ಅಂಗಡಿ, ಘಟಕ, ಬ್ಯೂಟಿ ಪಾರ್ಲರು, ಮೊಬೈಲ್ ರಿಪೇರಿ, ಹೈನುಗಾರಿಕೆ ಎಂದರೆ ಮೊದಲು ಹೋಗಬೇಕಾದದ್ದು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗೆ. ಈ ಕಲ್ಪನೆ ಹುಟ್ಟಿದ್ದೇ ನಮ್ಮ ನಾಡಿನಲ್ಲಿ. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗೂ ಬ್ಯಾಂಕುಗಳ ಮೂಲಕ ಇಂಥ ಸಂಸ್ಥೆ ತೆರೆಸಿತು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಕೋರ್ಸುಗಳು ಒಂದು ವಾರದಿಂದ ಒಂದೂವರೆ ತಿಂಗಳವರೆಗೆ ಇರುತ್ತವೆ. ಗ್ರಾಮೀಣ ಬಡ ಕುಟುಂಬದ ಯುವಕ ಯುವತಿಯರಿಗೆ ಮೊದಲ ಆದ್ಯತೆ. ಇದರ ದೊಡ್ಡ ಗುಣ ಬೇರೆಯೇ ಇದೆ. ತರಬೇತಿ ಮುಗಿದ ಮೇಲೂ ಎರಡು ವರ್ಷ ನಿಮ್ಮ ಹಿಂದೆ ನಿಂತು ವಿಚಾರಿಸುವುದು, ಬ್ಯಾಂಕ್ ಸಾಲಕ್ಕೆ ದಾರಿ ಮಾಡಿಕೊಡುವುದು ಇವರ ಕೆಲಸದ ಭಾಗವೇ. ನೆಲಮಂಗಲದ ಅರಿಶಿನಕುಂಟೆಯಲ್ಲೂ ರುಡ್‌ಸೆಟ್ ಇದೆ. ನೀವು ಯಾವ ಕೇಂದ್ರಕ್ಕೆ ಸೇರುತ್ತೀರಿ ಎಂಬುದನ್ನು ನಿಮ್ಮ ಬ್ಯಾಂಕ್ ಶಾಖೆಯಲ್ಲೇ ಕೇಳಬಹುದು.

ತೋಟ, ಸಸಿ, ಹಣ್ಣಿನ ಕಡೆ ಒಲವಿದ್ದರೆ ಹಿರೇಹಳ್ಳಿ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ ಎರಡೂ ಅಲ್ಲಿವೆ. ಸಾರ್ವಜನಿಕ ಸಂಸ್ಥೆಯೊಂದು ರೈತನೊಬ್ಬನ ಹಿತ್ತಲಿನ ಮರವನ್ನು ಹೇಗೆ ಉದ್ಯಮವಾಗಿಸಬಲ್ಲದು ಎಂಬುದಕ್ಕೆ ಗುಬ್ಬಿ ತಾಲ್ಲೂಕಿನ ಚೇಳೂರು ಸಾಕ್ಷಿ. ಅಲ್ಲಿನ ಎಸ್.ಎಸ್. ಪರಮೇಶ್ ಅವರ ತೋಟದ ಒಂದು ಹಲಸಿನ ಮರದ ಹಣ್ಣು ಚಿಕ್ಕದು, ಎರಡೂವರೆ ಕಿಲೋ ಆಸುಪಾಸು. ತೊಳೆ ತಾಮ್ರಗೆಂಪು, ರುಚಿಯಲ್ಲಿ ಸಾಟಿಯಿಲ್ಲ. ಹಿರೇಹಳ್ಳಿಯ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ, ಪರಮೇಶ್ ಅವರ ತಂದೆ ಸಿದ್ದಪ್ಪನವರ ನೆನಪಿಗೆ ‘ಸಿದ್ದು’ ಎಂದು ಹೆಸರಿಟ್ಟರು. ಕಸಿ ಗಿಡ ಬೆಳೆಸಿ ಮಾರುವುದಕ್ಕೆ ರೈತರ ಜೊತೆ ಒಪ್ಪಂದ ಮಾಡಿಕೊಂಡರು. ಸಂಶೋಧನೆಯ ಲಾಭ ಮರದ ಒಡೆಯನಿಗೇ ಸೇರಬೇಕು ಎಂಬ ಆ ನಿಲುವು ನನಗೆ ಬಹಳ ಮೆಚ್ಚುಗೆಯಾದದ್ದು. ಇಂಥ ತಳಿಯ ಕಡ್ಡಿ ಕದ್ದು ತಂದು ಕಸಿ ಕಟ್ಟಿ ಅದೇ ಹೆಸರಿನಲ್ಲಿ ಮಾರುವುದು ತಪ್ಪು, ಒಪ್ಪಂದ ಬೇಕು. ಆದರೆ ಕಸಿ ಕಟ್ಟುವ ವಿದ್ಯೆಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಆ ವಿದ್ಯೆ ನೋಡಿದರೆ ಸುಲಭ, ಕೈಗೆ ಹತ್ತುವುದಕ್ಕೆ ಸಮಯ ಬೇಕು. ಹಲಸಿನ ಬೀಜ ಒಣಗಿದರೆ ಹುಟ್ಟುವುದಿಲ್ಲ, ಹಣ್ಣು ಕೊಯ್ದ ಕೂಡಲೇ ಪಾಲಿಥಿನ್ ಚೀಲಕ್ಕೆ ಹಾಕಬೇಕು. ಸಸಿ ಪೆನ್ಸಿಲ್ ಗಾತ್ರಕ್ಕೆ ಬಂದಾಗ ತುದಿ ಕತ್ತರಿಸಿ, ನಡುವೆ ಎರಡು ಬೆರಳಗಲದಷ್ಟು ಸೀಳಬೇಕು. ತಾಯಿಮರದಿಂದ ಅದೇ ದಪ್ಪದ ಕಡ್ಡಿ ತಂದು, ಬುಡವನ್ನು ಎರಡೂ ಕಡೆ ಹೆರೆದು ಬೆಣೆಯ ಆಕಾರ ಮಾಡಿ ಆ ಸೀಳಿಗೆ ಇಳಿಸಬೇಕು. ಎರಡರ ತೊಗಟೆ ಒಂದು ಪಕ್ಕದಲ್ಲಾದರೂ ಕೂಡಿಕೊಳ್ಳಲೇಬೇಕು, ಗಿಡ ಬದುಕುವುದೂ ಸಾಯುವುದೂ ಅಲ್ಲೇ ನಿರ್ಧಾರವಾಗುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿಗೆ ಬಳಸುವಂಥ ಉದ್ದನೆಯ ಕವರು ತೊಡಿಸಿ ನೆರಳಿನಲ್ಲಿಡಬೇಕು. ಚಾಕು ಹರಿತವಾಗಿರಬೇಕು, ಕೈ ನಡುಗಬಾರದು. ಈ ಕೈಚಳಕ ಬಂದವರಿಗೆ ಮಾವು, ಹಲಸು, ಹುಣಸೆ ಮೂರಕ್ಕೂ ಕೆಲಸ ಸಿಗುತ್ತದೆ. ಸ್ವಂತ ನರ್ಸರಿ ಇಲ್ಲದಿದ್ದರೂ ಬೇರೆಯವರ ನರ್ಸರಿಯಲ್ಲಿ ಗಿಡಕ್ಕಿಷ್ಟು ಎಂದು ಕೂಲಿ ದುಡಿಯಬಹುದು.

ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಗಾರೆ ಕೆಲಸದವರು, ಬುಟ್ಟಿ, ಚಾಪೆ, ಪೊರಕೆ, ತೆಂಗಿನ ನಾರಿನ ಕೆಲಸದವರು ಪಿಎಂ ವಿಶ್ವಕರ್ಮ ಯೋಜನೆ ವಿಚಾರಿಸಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಇದರಲ್ಲಿ 18 ಕಸುಬುಗಳಿವೆ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯ ವೋಚರು, ಆಮೇಲೆ ಶೇಕಡ 5 ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷದವರೆಗೆ ಸಾಲ. ತೆಂಗಿನ ಮಟ್ಟೆ ರಾಶಿ ಬಿದ್ದಿರುವ ಗುಬ್ಬಿ ಕಡೆಯ ನಾರಿನ ಕೆಲಸಗಾರರು ಇದನ್ನು ಬಿಡಬಾರದು.

ಹಂತ 4: ತರಬೇತಿಯ ದಿನಗಳಲ್ಲಿ

ಮೂರು ಕೆಲಸ ಮಾಡಿಕೊಳ್ಳಿ. ಕಲಿಸುವವರ ಮೊಬೈಲ್ ನಂಬರು ಇಸಿದುಕೊಳ್ಳಿ. ಜೊತೆಗೆ ಕಲಿಯುವವರಲ್ಲಿ ನಿಮ್ಮ ಹೋಬಳಿಯವರು ಯಾರು ಎಂದು ಗುರುತಿಸಿಕೊಳ್ಳಿ, ನಾಳೆ ದೊಡ್ಡ ಆರ್ಡರು ಬಂದಾಗ ಕೈಜೋಡಿಸುವವರು ಅವರೇ. ಮೂರನೆಯದಾಗಿ ಬೆಲೆ ಕಟ್ಟುವ ಲೆಕ್ಕದ ತರಗತಿಯನ್ನು ಒಂದು ದಿನವೂ ತಪ್ಪಿಸಿಕೊಳ್ಳಬೇಡಿ. ಹೊಲಿಗೆಯನ್ನು ಅಮ್ಮನೋ ಅತ್ತೆಯೋ ಹೇಳಿಕೊಟ್ಟಾರು, ಈ ಲೆಕ್ಕ ಹೇಳಿಕೊಡುವವರು ಮನೆಯಲ್ಲಿ ಸಿಗುವುದಿಲ್ಲ. ನಿಮ್ಮ ಸ್ವಂತ ಕೂಲಿಯನ್ನೂ ಖರ್ಚಿಗೆ ಸೇರಿಸಿ ಬೆಲೆ ಕಟ್ಟಿ. ನಮ್ಮ ಹೆಣ್ಣುಮಕ್ಕಳು ತಮ್ಮ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯದೆ ಮಾರುತ್ತಾರೆ, ಆರು ತಿಂಗಳಾದ ಮೇಲೆ ಏಕೆ ಕೈಯಲ್ಲಿ ಏನೂ ಉಳಿದಿಲ್ಲ ಎಂದು ಕೊರಗುತ್ತಾರೆ.

ಹಂತ 5: ಕಾಗದ ಪತ್ರ

ಉದ್ಯಮ್ ನೋಂದಣಿ ಮೊದಲು. 2020ರ ಜುಲೈನಿಂದ ಆನ್‌ಲೈನಿನಲ್ಲಿ ನಡೆಯುತ್ತದೆ, ಆಧಾರ್ ಇದ್ದರೆ ಕೆಲವೇ ನಿಮಿಷದ ಕೆಲಸ, ಸರ್ಕಾರಕ್ಕೆ ಕಟ್ಟುವ ಶುಲ್ಕ ಏನೇನೂ ಇಲ್ಲ. ಸೈಬರ್ ಸೆಂಟರಿನವರಿಗೆ ಕೊಡುವುದು ಅವರ ಕೆಲಸದ ಕೂಲಿ ಮಾತ್ರ, ಸಾವಿರಗಟ್ಟಲೆ ಕೇಳಿದರೆ ಎದ್ದು ಬನ್ನಿ.

ತಿನ್ನುವ ಪದಾರ್ಥ ಮಾಡುವವರಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಕೇ ಬೇಕು. ಮನೆಯ ಅಡುಗೆಮನೆಯಲ್ಲಿ ಮಾಡಿದರೂ ಬೇಕು. 14 ಅಂಕಿಯ ಆ ನಂಬರು ಪೊಟ್ಟಣದ ಮೇಲೆ ಇರಬೇಕು. ಜೊತೆಗೆ ಹೆಸರು, ಏನೇನು ಹಾಕಿದೆ, ತೂಕ, ತಯಾರಿಸಿದ ದಿನ, ಎಷ್ಟು ದಿನ ಚೆನ್ನಾಗಿರುತ್ತದೆ, ಬೆಲೆ, ವಿಳಾಸ, ಸಸ್ಯಾಹಾರದ ಹಸಿರು ಗುರುತು. ಅಂಗಡಿ ತೆರೆಯುವುದಾದರೆ ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿಯ, ಊರಿನಲ್ಲಿ ಪುರಸಭೆಯ ಅಥವಾ ಪಾಲಿಕೆಯ ಪರವಾನಗಿ. ಮನೆ ಖರ್ಚಿನ ಖಾತೆ ಬೇರೆ, ಕಸುಬಿನ ಖಾತೆ ಬೇರೆ ಇರಲಿ. ಬ್ಯಾಂಕಿನವರು ಮುಂದೆ ನೋಡುವುದು ಈ ಪಾಸ್‌ಬುಕ್ಕನ್ನೇ.

ಹಂತ 6: ಸಾಲ

ಕೊಬ್ಬರಿ ಎಣ್ಣೆ, ಚಟ್ನಿಪುಡಿ, ಹಪ್ಪಳ, ಹಲಸಿನ ಚಿಪ್ಸಿನಂಥ ಆಹಾರ ಘಟಕಕ್ಕೆ ಪಿಎಂಎಫ್‌ಎಂಇ ಯೋಜನೆ ಇದೆ. ತುಮಕೂರು ಜಿಲ್ಲೆಗೆ ಅದರಲ್ಲಿ ಗುರುತಾದ ಉತ್ಪನ್ನ ತೆಂಗು. ಕೇಂದ್ರದ ಶೇಕಡ 35 ಸಬ್ಸಿಡಿಗೆ ನಮ್ಮ ರಾಜ್ಯ ಸರ್ಕಾರ 15 ಸೇರಿಸಿ ಶೇಕಡ 50 ಮಾಡಿದೆ, ಗರಿಷ್ಠ 15 ಲಕ್ಷ. ಅರ್ಜಿ ಬರೆಯಲು, ಪ್ರಾಜೆಕ್ಟ್ ರಿಪೋರ್ಟ್ ಮಾಡಲು, ಬ್ಯಾಂಕಿಗೆ ಓಡಾಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಇದ್ದಾರೆ. ಅವರಿಗೆ ಸಂಭಾವನೆ ಸರ್ಕಾರದಿಂದ ಬರುತ್ತದೆ, ನೀವು ಕೊಡಬೇಕಿಲ್ಲ. ಕೃಷಿ ಇಲಾಖೆಯಲ್ಲಿ ಅವರ ನಂಬರು ಸಿಗುತ್ತದೆ.

ಬೇರೆ ಬಗೆಯ ಘಟಕಕ್ಕೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ (ಪಿಎಂಇಜಿಪಿ) ಇದೆ. 2022ರಲ್ಲಿ ಪರಿಷ್ಕರಿಸಿದ ನಿಯಮದ ಪ್ರಕಾರ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆ ಹಾಕಬಹುದು. ಹಳ್ಳಿಯಲ್ಲಿ ಘಟಕ ಹಾಕುವ ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ಅಲ್ಪಸಂಖ್ಯಾತರಿಗೆ ಸಬ್ಸಿಡಿ ಶೇಕಡ 35, ಕೈಯಿಂದ ಹಾಕಬೇಕಾದ ಪಾಲು ಶೇಕಡ 5. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ, ಆ ವರ್ಷದ ಗುರಿ ಇನ್ನೂ ಬಾಕಿ ಇದೆಯೇ ಎಂದೂ ಕೇಳಿ. ಒಂದೆರಡು ಯಂತ್ರ ಮಾತ್ರ ಸಾಕು ಎನ್ನುವವರಿಗೆ ಅಡಮಾನವಿಲ್ಲದ ಮುದ್ರಾ ಸಾಲ ಇದೆ, ಶಿಶು ವರ್ಗದಲ್ಲಿ 50,000ದವರೆಗೆ.

ಬಹಳ ಜನ ಎಡವುವುದು ಸಬ್ಸಿಡಿಯ ವಿಷಯದಲ್ಲಿ. ಈ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲೇ ಮೂರು ವರ್ಷ ಇರುತ್ತದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ವಜಾ ಆಗುತ್ತದೆ. ಅಲ್ಲಿಯವರೆಗೆ ಕಂತು ಕಟ್ಟಬೇಕಾದವರು ನೀವು. ಸಬ್ಸಿಡಿ ಬರುತ್ತದಲ್ಲ ಎಂದು ಅಗತ್ಯಕ್ಕಿಂತ ದೊಡ್ಡ ಯಂತ್ರ ತಂದು ಕೂರಿಸಿದವರ ಮನೆಗೆ ಮೊದಲ ವರ್ಷದಲ್ಲೇ ನೋಟಿಸು ಬರುತ್ತದೆ. ಅರ್ಜಿಯ ಜೊತೆ ಎರಡು ಅಂಗಡಿಯ ಕೊಟೇಶನ್, ನಿಮ್ಮ ಹಂತ 1ರ ನೋಟ್‌ಬುಕ್, ಸಾಮಾನು ಕೊಳ್ಳುತ್ತೇವೆ ಎಂದು ನಾಲ್ಕು ಅಂಗಡಿಯವರಾದರೂ ಬರೆದುಕೊಟ್ಟ ಚೀಟಿ ಇದ್ದರೆ ಮ್ಯಾನೇಜರು ಮಾತಾಡುವ ರೀತಿಯೇ ಬದಲಾಗುತ್ತದೆ. ಸಾಲ ಮಾಡಿಸಿಕೊಡುತ್ತೇನೆ, ಇಷ್ಟು ಶೇಕಡ ಕೊಡಿ ಎಂದು ಬರುವ ಮಧ್ಯವರ್ತಿಯನ್ನು ಬಾಗಿಲಿನಿಂದಲೇ ಕಳಿಸಿ.

ಹಂತ 7: ಮೊದಲ ವರ್ಷ, ಮೊದಲ ಕೆಲಸಗಾರ

ಮೊದಲ ಮೂರು ತಿಂಗಳು ಒಂದೇ ಸಾಮಾನು, ಹತ್ತು ಗಿರಾಕಿ ಸಾಕು. ಶಾಲೆಗೆ ಮಾರಿದರೆ ಬಿಲ್ಲು ಬರೆದು ಸಹಿ ಹಾಕಿಸಿಕೊಳ್ಳಿ, ದುಡ್ಡು ಬರುವುದು ಕೆಲವು ಸಲ ತಡವಾಗುತ್ತದೆ, ಎರಡು ತಿಂಗಳು ತಾಳುವಷ್ಟು ಬಂಡವಾಳ ಕೈಯಲ್ಲಿರಲಿ. ಸ್ವಸಹಾಯ ಸಂಘದಲ್ಲಿದ್ದವರು ಸಂಜೀವಿನಿ ಒಕ್ಕೂಟದ ಮೇಳಗಳಲ್ಲಿ ಮಳಿಗೆ ಕೇಳಬೇಕು. ಮೇಳದಲ್ಲಿ ಆಗುವ ವ್ಯಾಪಾರಕ್ಕಿಂತ ಅಲ್ಲಿ ಸಿಗುವ ಸಗಟು ಗಿರಾಕಿಗಳ ವಿಳಾಸ ದೊಡ್ಡದು. ತರಬೇತಿ ಸಂಸ್ಥೆಯವರು ಎರಡು ವರ್ಷದೊಳಗೆ ವಿಚಾರಿಸಲು ಬಂದಾಗ ಎಲ್ಲ ಚೆನ್ನಾಗಿದೆ ಎಂದು ಬಾಯಿಮಾತಿಗೆ ಹೇಳಿ ಕಳಿಸಬೇಡಿ. ಯಂತ್ರ ಕೆಟ್ಟಿದ್ದರೆ, ಉದ್ರಿ ಸಿಕ್ಕಿಕೊಂಡಿದ್ದರೆ, ಕಂತು ತಪ್ಪಿದ್ದರೆ ಹೇಳಿಕೊಳ್ಳಿ. ಅವರು ಬಂದಿರುವುದೇ ಅದಕ್ಕಾಗಿ.

ಕೆಲಸ ಹೆಚ್ಚಾಗಿ ಇನ್ನೊಬ್ಬರನ್ನು ಇಟ್ಟುಕೊಳ್ಳಬೇಕಾದಾಗ ಮತ್ತೆ ಸರ್ಕಾರಿ ಕಲಿಕೆಯ ಕಡೆಗೇ ತಿರುಗಿ. ನಾಲ್ಕು ಜನ ಕೆಲಸಗಾರರಿರುವ ಘಟಕವೂ ಅಪ್ರೆಂಟಿಸ್ ತೆಗೆದುಕೊಳ್ಳಬಹುದು. ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಭರಿಸುತ್ತದೆ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗಳಿಗೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ. ಹಾಗಾಗಿ ಐಟಿಐ ಮುಗಿಸಿದ ಹುಡುಗ ಹುಡುಗಿಯರು ಅತ್ತ ಹೋಗಿಬಿಡುತ್ತಾರೆ, ನಿಮ್ಮ ಘಟಕವನ್ನೂ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ನೋಂದಾಯಿಸಿಟ್ಟರೆ ಅವರಲ್ಲಿ ಕೆಲವರಿಗಾದರೂ ಊರು ಬಿಡದೆ ಕಲಿಯುವ ಅವಕಾಶ ಇದೆ ಎಂದು ಗೊತ್ತಾಗುತ್ತದೆ. ತುಮಕೂರಿನ ಐಟಿಐಗೆ ಹೋಗಿ ತರಬೇತಿ ಅಧಿಕಾರಿಯನ್ನು ಕಂಡು, ನಿಮ್ಮಲ್ಲಿ ಯಾವ ಯಂತ್ರ ಇದೆ, ಏನು ಕೆಲಸ ಕಲಿಸಬಲ್ಲಿರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಪರೀಕ್ಷೆ ಮುಗಿಯುವ ಮುಂಚಿನ ತಿಂಗಳು ಇದಕ್ಕೆ ಸರಿಯಾದ ಸಮಯ.